ಪಿಂಕ್ ಫ್ಲಾಯ್ಡ್‌ನ ಆಕಾಶ ಹುಟ್ಟಿದ್ದು ಒಂದು ಲೋಹದ ಚಕ್ರದಲ್ಲಿ

ಬ್ರಿಟನ್ನಿನ ಪಿಂಕ್ ಫ್ಲಾಯ್ಡ್ ರಾಕ್ ತಂಡದ ಮೊದಲ ಆಲ್ಬಂ ಬಗ್ಗೆ ಮಾತು ಬಂದರೆ ಸಾಕು, ‘ಅದೆಲ್ಲ ಎಲ್‌ಎಸ್‌ಡಿ ಮಹಿಮೆ’ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಈ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಹೆಚ್ಚಿನ ಹಾಡುಗಳನ್ನು ಬರೆದ ಗಿಟಾರ್ ವಾದಕ ಸಿಡ್ ಬ್ಯಾರೆಟ್ ಅದನ್ನು ಸೇವಿಸುತ್ತಿದ್ದದ್ದು ನಿಜ. ಆದರೆ ಟೇಪಿನ ಮೇಲೆ ದನಿ ಮೂಡಿಸುವ ಶಕ್ತಿ ಯಾವ ಮಾದಕವಸ್ತುವಿಗೂ ಇಲ್ಲ. 1967ರ ಆಗಸ್ಟ್‌ನಲ್ಲಿ ಬಂದ ‘ದಿ ಪೈಪರ್ ಅಟ್ ದಿ ಗೇಟ್ಸ್ ಆಫ್ ಡಾನ್’ ಕೇಳುವಾಗ ಬಾಹ್ಯಾಕಾಶದಲ್ಲಿ ತೇಲಿದ ಹಾಗೆ ಅನ್ನಿಸುತ್ತದೆ, ಅಲ್ವಾ? ಅದಕ್ಕೆ ಕಾರಣ ಶುದ್ಧ ಭೌತವಿಜ್ಞಾನ.

ಬ್ಯಾರೆಟ್ ಮತ್ತು ಆರ್ಗನ್ ನುಡಿಸುತ್ತಿದ್ದ ರಿಚರ್ಡ್ ರೈಟ್ ಬಳಸುತ್ತಿದ್ದದ್ದು ಬಿನ್ಸನ್ ಎಕೋರೆಕ್ ಎಂಬ ಇಟಲಿಯ ಯಂತ್ರ. ಅದರೊಳಗೆ ಒಂದೇ ವೇಗದಲ್ಲಿ ತಿರುಗುವ ಲೋಹದ ಚಕ್ರವಿದೆ. ಚಕ್ರದ ಅಂಚಿನಲ್ಲಿ ದನಿಯನ್ನು ಕಾಂತೀಯವಾಗಿ ಹಿಡಿದಿಡಬಹುದು. ಒಂದು ಹೆಡ್ ದನಿಯನ್ನು ಬರೆಯುತ್ತದೆ. ಮುಂದೆ ಸಾಲಾಗಿ ಇರುವ ನಾಲ್ಕು ಹೆಡ್‌ಗಳು ಅದನ್ನೇ ಓದುತ್ತವೆ. ಜಾತ್ರೆಯ ತಿರುಗು ತೊಟ್ಟಿಲಿನ ಸುತ್ತ ನಾಲ್ಕು ಜನ ನಿಂತಿದ್ದಾರೆ ಅಂದುಕೊಳ್ಳಿ. ತೊಟ್ಟಿಲಲ್ಲಿ ಕೂತ ಹುಡುಗ ನಾಲ್ವರಿಗೂ ಕಾಣುತ್ತಾನೆ, ಆದರೆ ಒಬ್ಬರಾದ ಮೇಲೆ ಒಬ್ಬರಿಗೆ. ಗಿಟಾರಿನ ಒಂದು ಮೀಟು ಹೀಗೆ, ಮೂಲ ದನಿಯೂ ಸೇರಿ, ಐದು ಸಲ ಕೇಳಿಸುತ್ತದೆ. ಓದಿದ ದನಿಯನ್ನೇ ಮತ್ತೆ ಬರೆಯುವ ಹೆಡ್‌ಗೆ ಕಳಿಸಿದರೆ ಮುಗಿಯಿತು, ಪ್ರತಿಧ್ವನಿಗೆ ಪ್ರತಿಧ್ವನಿ ಹುಟ್ಟುತ್ತಾ ಹೋಗುತ್ತದೆ. ಸುತ್ತು ಮುಗಿಯುವ ಮೊದಲು ಇನ್ನೊಂದು ಹೆಡ್ ಹಳೆಯದನ್ನು ಅಳಿಸುತ್ತದೆ.

ಇಲ್ಲಿಂದ ಮುಂದೆ ಕೆಲಸ ಮಿದುಳಿನದು. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ಪ್ರತಿಧ್ವನಿ 0.3 ಸೆಕೆಂಡ್ ತಡವಾಗಿ ಬಂದರೆ ಶಬ್ದ ಗೋಡೆಗೆ ಹೋಗಿ ಬರುವಷ್ಟರಲ್ಲಿ 102 ಮೀಟರ್ ಓಡಿದೆ ಎಂದರ್ಥ. ಅಂದರೆ ಗೋಡೆ 51 ಮೀಟರ್ ದೂರದಲ್ಲಿರಬೇಕು. ಮಿದುಳಿಗೆ ಈ ಯಂತ್ರದ ಸುದ್ದಿಯೇ ಗೊತ್ತಿಲ್ಲ. ಮೇಜಿನ ಮೇಲೆ ಇಡಬಹುದಾದ ಒಂದು ಪೆಟ್ಟಿಗೆಯಿಂದ ಬಂದ ದನಿಯನ್ನು ಕೇಳಿ ಅದು ದೊಡ್ಡ ಬಯಲನ್ನೇ ಕಟ್ಟಿಕೊಳ್ಳುತ್ತದೆ. ಇದು ನನಗೆ ಇವತ್ತಿಗೂ ರೋಮಾಂಚನ ಕೊಡುವ ಸಂಗತಿ. ನಿಜವಾದ ಬಾಹ್ಯಾಕಾಶದಲ್ಲಿ ಗಾಳಿಯಿಲ್ಲ, ಪ್ರತಿಧ್ವನಿಯೂ ಇಲ್ಲ. ಆದರೂ ಪ್ರತಿಧ್ವನಿ ಕೇಳಿದ ಕೂಡಲೇ ನಮಗೆ ನಕ್ಷತ್ರಗಳು ನೆನಪಾಗುತ್ತವೆ!

ಲಂಡನ್ನಿನ ಆಬಿ ರೋಡಿನ ಇಎಮ್ಐ ಸ್ಟುಡಿಯೋ ಇಂಥ ಕಸುಬಿಗೆ ಹೇಳಿ ಮಾಡಿಸಿದ ಜಾಗ. ಆಲ್ಬಂನ ನಿರ್ಮಾಪಕ ನಾರ್ಮನ್ ಸ್ಮಿತ್ ಅದಕ್ಕೂ ಮೊದಲು ಬೀಟಲ್ಸ್ ತಂಡದ ರೆಕಾರ್ಡಿಂಗ್ ಎಂಜಿನಿಯರ್. 1967ರ ವಸಂತದಲ್ಲಿ ಬೀಟಲ್ಸ್ ಕೂಡ ಅದೇ ಕಟ್ಟಡದಲ್ಲಿ ಹಾಡುತ್ತಿದ್ದರು. ದನಿ ದಪ್ಪಗಾಗಲೆಂದು ಒಂದೇ ಸಾಲನ್ನು ಎರಡೆರಡು ಸಲ ಹಾಡುವುದು ಬೀಟಲ್ಸ್ ತಂಡದ ಜಾನ್ ಲೆನನ್‌ಗೆ ಬೇಜಾರು. ಅದಕ್ಕಾಗಿ 1966ರಲ್ಲಿ ಅಲ್ಲಿನ ಎಂಜಿನಿಯರ್ ಕೆನ್ ಟೌನ್ಸೆಂಡ್, ಎರಡನೇ ಟೇಪ್ ಯಂತ್ರದ ವೇಗವನ್ನು ಚೂರು ಏರುಪೇರು ಮಾಡಿ ಒಂದು ದನಿಯನ್ನು ಎರಡಾಗಿಸುವ ಉಪಾಯ ಕಂಡುಹಿಡಿದರು. ಇಲ್ಲಿ ತಡ ಎಷ್ಟು ಕಡಿಮೆ ಅಂದರೆ ಕಿವಿಗೆ ಪ್ರತಿಧ್ವನಿ ಬೇರೆಯಾಗಿ ಕೇಳುವುದಿಲ್ಲ, ದನಿ ದಪ್ಪಗಾದಂತೆ ಅನ್ನಿಸುತ್ತದೆ.

‘ಇಂಟರ್‌ಸ್ಟೆಲ್ಲಾರ್ ಓವರ್‌ಡ್ರೈವ್’ ಎಂಬ ಇದೇ ಆಲ್ಬಂನ ರಚನೆಯಲ್ಲಿ ಪಿಂಕ್ ಫ್ಲಾಯ್ಡ್ ತಂಡದವರು ಇನ್ನೂ ಸರಳ ದಾರಿ ಹಿಡಿದರು. ತಂಡ ಒಮ್ಮೆ ನುಡಿಸಿತು, ಅದರ ಮೇಲೇ ಮತ್ತೊಮ್ಮೆ ನುಡಿಸಿತು. ಸ್ಟೀರಿಯೋ ಆವೃತ್ತಿಯ ಕೊನೆಗೆ ದನಿ ಎಡಕ್ಕೂ ಬಲಕ್ಕೂ ಹುಚ್ಚೆದ್ದು ಓಡಾಡುತ್ತದೆ. ಅಲ್ಲಿ ಬದಲಾಗುತ್ತಿರುವುದು ಎರಡು ಕಿವಿಗಳಿಗೆ ತಲುಪುವ ದನಿಯ ಜೋರು, ಅಷ್ಟೇ. ಹೆಡ್‌ಫೋನ್ ಹಾಕಿಕೊಂಡು ಕೇಳಿ, ಆಮೇಲೆ ಮೋನೋ ಆವೃತ್ತಿ ಹಾಕಿ. ಎರಡು ಕಿವಿಗೂ ಒಂದೇ ದನಿ ಬರುವುದರಿಂದ ಆ ಓಡಾಟ ಅದರಲ್ಲಿ ಇರುವುದೇ ಇಲ್ಲ.