ಹಗಿ ಬಟ್ಟಲಿನ ಮೈಯೆಲ್ಲ ಬಿರುಕು: ಒಡಕು ಮಾಲು ಕೊಟ್ಟರಾ?

ಪ್ರಶ್ನೆ: ಜಪಾನಿನ ಹಗಿ ಊರಿನ ಮಣ್ಣಿನ ಟೀ ಬಟ್ಟಲು ತರಿಸಿದೆ. ಈಗಿನ ಕುಂಬಾರರೊಬ್ಬರು ಮಾಡಿದ್ದು. ಒಳಗೆಲ್ಲ ಬಲೆ ಹಾಸಿದ ಹಾಗೆ ಸಣ್ಣ ಬಿರುಕುಗಳಿವೆ, ಟೀ ಹಾಕಿದರೆ ತಳ ಒದ್ದೆಯಾಗುತ್ತದೆ. ವಾಪಸ್ ಕಳಿಸಲಾ?

ಉತ್ತರ: ಸದ್ಯಕ್ಕೆ ಬೇಡ. ಬಿರುಕು ಬಿಟ್ಟಿರುವುದು ಬಹುಶಃ ಮೇಲಿನ ಗ್ಲೇಜ್ ಮಾತ್ರ. ಗ್ಲೇಜ್ ಅಂದರೆ ತೆಳು ಗಾಜಿನ ಪದರ. ಕುಂಬಾರರ ಸುಡುವ ಗೂಡು ಆರುವಾಗ ಅದು ಮಣ್ಣಿಗಿಂತ ಜಾಸ್ತಿ ಕುಗ್ಗುತ್ತದೆ, ಎಳೆತ ತಡೆಯದೆ ಸೀಳುತ್ತದೆ. ಹೊರಗೆ ತೆಗೆದ ಮೇಲೂ ಬಟ್ಟಲುಗಳು ಟಿಣ್ ಟಿಣ್ ಅನ್ನುತ್ತಲೇ ಇರುತ್ತವೆ. ಜಪಾನಿನವರು ಈ ಬಿರುಕಿನ ಬಲೆಯನ್ನು ಕನ್‌ನ್ಯೂ ಅನ್ನುತ್ತಾರೆ.

ಯಾಮಗುಚಿ ಪ್ರಾಂತದ ಹಗಿ ಊರಿನ ಮಣ್ಣು ಒರಟು. ಸುಡುವುದೂ ಹದವಾಗಿ, ಪಿಂಗಾಣಿಯಷ್ಟು ಗಟ್ಟಿಯಾಗಿ ಅಲ್ಲ. ಹಾಗಾಗಿ ಟೀ ಒಳಗೆ ಇಳಿಯುತ್ತದೆ, ವರ್ಷಗಳು ಹೋದ ಹಾಗೆ ಗೆರೆ ಕಪ್ಪಾಗಿ ಬಟ್ಟಲಿನ ಬಣ್ಣವೇ ತಿರುಗುತ್ತದೆ. ಸಂಗ್ರಹಕಾರರು ದುಡ್ಡು ಕೊಡುವುದು ಇದಕ್ಕೇ. ಹೊಸದನ್ನೇ ಟೀಯಲ್ಲಿ ನೆನೆಸಿ ಹಳೆಯದೆಂದು ದಾಟಿಸುವವರೂ ಇದ್ದಾರೆ, ಹುಷಾರು.

ನಿಜವಾದ ಒಡಕು ಬೇರೆ ಥರ. ಬೆಳಕಿಗೆ ಹಿಡಿದು ಅಂಚನ್ನು ಸುತ್ತ ನೋಡಿ. ಒಂದೇ ಗೆರೆ ಅಂಚಿನಿಂದ ಕೆಳಕ್ಕೆ ಇಳಿದಿದೆಯಾ? ಒಳಗೂ ಹೊರಗೂ ಅದೇ ಜಾಗದಲ್ಲಿ ಕಾಣುತ್ತದಾ? ಉಗುರು ಆಡಿಸಿದರೆ ತಗಲುತ್ತದಾ? ಹಾಗಿದ್ದರೆ ಮಣ್ಣೇ ಸೀಳಿದೆ, ಮಾರಿದವರನ್ನು ಕೇಳಲೇಬೇಕು. ತಟ್ಟಿ ಸದ್ದು ಕೇಳಿ ಅಂತ ಹೇಳುವವರಿದ್ದಾರೆ. ಹಗಿ ವಿಷಯದಲ್ಲಿ ನಾನು ಅದನ್ನು ನಂಬುವುದಿಲ್ಲ. ಮೆತ್ತಗೆ ಸುಟ್ಟ ಬಟ್ಟಲು ಚೆನ್ನಾಗಿದ್ದರೂ ಮೊಂಡು ಸದ್ದೇ ಮಾಡುತ್ತದೆ.

ಗ್ಲೇಜ್ ನುಣ್ಣಗೆ, ಒಂದೇ ಸಮ ಇರಬೇಕು ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಹಗಿಯ ಮಿವಾ ಕುಂಬಾರ ಮನೆತನದ ಅಣ್ಣ ತಮ್ಮ ಇಬ್ಬರೂ 1970 ಮತ್ತು 1983ರಲ್ಲಿ ಜಪಾನ್ ಸರ್ಕಾರದಿಂದ ‘ಜೀವಂತ ರಾಷ್ಟ್ರೀಯ ನಿಧಿ’ ಎನಿಸಿಕೊಂಡವರು. ಭತ್ತದ ಹುಲ್ಲಿನ ಬೂದಿ ಸೇರಿಸಿದ ಅವರ ದಪ್ಪ ಬಿಳಿ ಗ್ಲೇಜ್ ಅಲ್ಲಲ್ಲಿ ಸರಿದು, ಕೆಳಗಿನ ಒರಟು ಮಣ್ಣು ಇಣುಕುತ್ತದೆ. ಚಂದ ಇರುವುದೇ ಅಲ್ಲಿ ಅಲ್ವಾ?

ಇನ್ನು ಬಳಕೆ. ಟೀ ಹಾಕುವ ಮೊದಲು ಸ್ವಲ್ಪ ಹೊತ್ತು ನೀರಲ್ಲಿ ನೆನೆಸಿ, ಆಗ ಟೀ ಅಷ್ಟಾಗಿ ಹೀರುವುದಿಲ್ಲ. ತೀರಾ ಸೋರಿದರೆ ತಣ್ಣನೆಯ ಅಕ್ಕಚ್ಚಿನಲ್ಲಿ ಮುಳುಗಿಸಿ ಸಣ್ಣ ಉರಿಯಲ್ಲಿ ಕುದಿಸಿ, ಅದರಲ್ಲೇ ಆರಲು ಬಿಡಿ. ಪಿಷ್ಟ ಸಂದುಗಳನ್ನು ತುಂಬುತ್ತದೆ. ಸೋಪಿನ ನೀರಲ್ಲಿ ನೆನೆಸಬೇಡಿ, ಮೈಕ್ರೋವೇವ್ ಬೇಡವೇ ಬೇಡ. ನಮ್ಮ ಹಾಲು ಹಾಕಿದ ಟೀಯೂ ಬೇಡ, ಹಾಲು ಒಳಗೆ ಇಳಿದರೆ ವಾಸನೆ ಹೋಗುವುದು ಕಷ್ಟ.

ಜೊತೆಗೆ ಬಂದ ಮರದ ಪೆಟ್ಟಿಗೆ ಬಿಸಾಡಬೇಡಿ. ಮುಚ್ಚಳದ ಮೇಲೆ ಕುಂಬಾರರ ಕೈಬರಹ, ಮುದ್ರೆ ಇದ್ದರೆ ಅದೇ ದಾಖಲೆ. ಮುಂದೆ ಮಾರುವಾಗ ಪೆಟ್ಟಿಗೆ ಇಲ್ಲದ ಬಟ್ಟಲಿಗೆ ಬೆಲೆ ಕಮ್ಮಿ. ಆದರೆ ಒದ್ದೆ ಬಟ್ಟಲನ್ನು ಅದರೊಳಗೆ ಇಡಬೇಡಿ. ಮೇಲೆ ಒಣಗಿದ ಹಾಗೆ ಕಂಡರೂ ಒಳಗೆ ತೇವ ಇರುತ್ತದೆ, ಬೂಸ್ಟು ಹಿಡಿಯುತ್ತದೆ. ಕೆಲವು ದಿನ ಗಾಳಿಗೆ ಬಿಟ್ಟು ಆಮೇಲೆ ಮುಚ್ಚಿಡಿ.