ಗೊಬ್ಬರದ ಅಂಗಳಕ್ಕೆ ಮಳೆ ಬಿದ್ದಾಗ: ನೀರಿನ ಲೆಕ್ಕ

ಕಾಂಪೋಸ್ಟ್ ಘಟಕ ಎಂದರೆ ನಾವು ಓದುವುದು ಇಂಗಾಲ–ಸಾರಜನಕದ ಅನುಪಾತ, ರಾಶಿಯ ಉಷ್ಣಾಂಶ, ಮಗುಚುವ ದಿನಗಳು. ಮಳೆನೀರಿನ ಪಾಠ ಕೊನೆಗೆ, ಅದೂ ಅರ್ಧ ಪುಟ. ಮಳೆಗಾಲದಲ್ಲಿ ಘಟಕ ಕೆಡುವುದು ಮಾತ್ರ ಆ ಅರ್ಧ ಪುಟದಲ್ಲೇ. ಪೆನ್ಸಿಲ್ ಹಿಡಿದು ಓದಿ, ಇಲ್ಲಿ ಲೆಕ್ಕ ಇದೆ.

ಮೊದಲು ಒಂದು ಗೊಂದಲ ಬಿಡಿಸೋಣ. ರಾಶಿಯ ಒಳಗಿಂದ ಬಸಿದು ಬರುವ ಕೊಳೆರಸ ಲೀಚೇಟ್. ಅಂಗಳವನ್ನೂ ರಾಶಿಯ ಮೈಯನ್ನೂ ತೊಳೆದುಕೊಂಡು ಹರಿಯುವ ಮಳೆನೀರು ಬೇರೆ. ಮೊದಲನೆಯದು ಗಟ್ಟಿ ಡಿಕಾಕ್ಷನ್, ಎರಡನೆಯದು ನೀರು ಬೆರೆಸಿದ ಡಿಕಾಕ್ಷನ್. ತೆಳುವಾಗಿದ್ದರೂ ಪ್ರಮಾಣ ಹೆಚ್ಚು. ‘ಗೊಬ್ಬರದ ನೀರಲ್ಲವೇ, ಹರಿದರೇನು?’ ಅನ್ನುವವರಿದ್ದಾರೆ. ಹೊಲಕ್ಕೆ ಹರಿದರೆ ಒಂದು ಮಾತು; ಕೆರೆಗೆ ಹೋದರೆ ಸೂಕ್ಷ್ಮಜೀವಿಗಳು ಅದನ್ನು ತಿನ್ನುತ್ತಾ ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಮುಗಿಸುತ್ತವೆ, ಮೀನು ತೇಲುತ್ತವೆ.

ಈಗ ಲೆಕ್ಕ. 1 ಚದರ ಮೀಟರ್ ಮೇಲೆ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್. ಅಂಗಳ ಒಂದು ಎಕರೆ, ಅಂದರೆ ಸುಮಾರು 4,000 ಚದರ ಮೀಟರ್. ಮಳೆ 50 ಮಿ.ಮೀ. ಒಟ್ಟು 2 ಲಕ್ಷ ಲೀಟರ್. ರಾಶಿ ಒಂದಿಷ್ಟು ಹೀರಿ ಶೇ 80 ಹರಿಯಿತು ಎಂದುಕೊಂಡರೆ 1,60,000 ಲೀಟರ್. ಇನ್ನು ಅಂಗಳದ ಮೇಲ್ಭಾಗದಲ್ಲಿ ಎರಡು ಎಕರೆ ಬೋಳು ಇಳಿಜಾರು ಇದ್ದು, ಅಲ್ಲಿಂದ ಶೇ 40ರಷ್ಟು ನೀರು ಒಳಗೆ ನುಗ್ಗಿದರೆ ಮತ್ತೆ 1,60,000. ಈ ನೀರನ್ನು ಹಿಡಿದಿಡಲು ತೋಡುವ ಹೊಂಡದ ಗಾತ್ರ ಇದ್ದಕ್ಕಿದ್ದಂತೆ ದುಪ್ಪಟ್ಟು! ಆ ಮೇಲಿನ ನೀರು ಕೊಳೆಯಲ್ಲ, ನಮ್ಮ ಅಂಗಳ ಮುಟ್ಟಿದ್ದರಿಂದ ಕೊಳೆಯಾಯಿತು. ಮೇಲ್ಗಡೆ ಒಂದು ಬದು, ಪಕ್ಕದಲ್ಲೊಂದು ಕಾಲುವೆ ಇದ್ದರೆ ಅದು ಸುತ್ತಿಕೊಂಡು ಹೋಗುತ್ತಿತ್ತು. ಅರ್ಧ ಅಂಗಳಕ್ಕೆ ಮಾಡು (ಚಾವಣಿ) ಹಾಕಿ, ಮಾಡಿನ ನೀರನ್ನು ಬೇರೆ ಪೈಪಿನಲ್ಲಿ ಹೊರಗೆ ಬಿಟ್ಟರೆ ಉಳಿಯುವುದು 80,000 ಲೀಟರ್. ಪರೀಕ್ಷೆಯಲ್ಲಿ ‘ಸಂಸ್ಕರಣೆ’ ಎಂದು ಕೇಳಿದರೂ ನಾನು ಇದನ್ನೇ ಮೊದಲು ಬರೆಯುತ್ತೇನೆ.

ಅಂಗಳದ ನೆಲದ ಅಳತೆ 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳ ಎರಡನೇ ಅನುಸೂಚಿಯಲ್ಲಿ ಹೀಗಿತ್ತು: ಕಾಂಕ್ರೀಟ್, ಇಲ್ಲವೇ 50 ಸೆಂ.ಮೀ. ದಪ್ಪಕ್ಕೆ ಗುದ್ದಿದ ಜೇಡಿಮಣ್ಣು, ಶೇ 1ರಿಂದ 2 ಇಳಿಜಾರು, ಸುತ್ತಲೂ ನೀರಿಳಿಯದ ಚರಂಡಿ. ಜೇಡಿಯೊಳಗೆ ನೀರು ಇಳಿಯುವ ವೇಗ ಸೆಕೆಂಡಿಗೆ ಒಂದು ಸೆಂ.ಮೀ.ನ ಕೋಟಿಯಲ್ಲೊಂದು ಭಾಗಕ್ಕಿಂತ ಕಡಿಮೆ ಇರಬೇಕಿತ್ತು. ಆ ಸಂಖ್ಯೆ ಬಾಯಿಪಾಠ ಮಾಡುವ ಬದಲು ವರ್ಷಕ್ಕೆ ಗುಣಿಸಿ ನೋಡಿ: ಸುಮಾರು 3 ಸೆಂ.ಮೀ. ಆಮೇಲೆ ಮರೆಯುವುದಿಲ್ಲ.

ರಾಶಿಗಳ ಉದ್ದ ಇಳಿಜಾರಿನ ದಿಕ್ಕಿಗೇ ಇರಲಿ. ಅಡ್ಡಡ್ಡ ಹಾಕಿದರೆ ಪ್ರತಿ ರಾಶಿಯೂ ಒಂದು ಒಡ್ಡಾಗಿ, ಹಿಂದೆ ನೀರು ನಿಲ್ಲುತ್ತದೆ. ಬುಡ ನೆನೆದು, ಗಾಳಿಯಾಡದೆ, ನಾಲ್ಕೇ ದಿನಕ್ಕೆ ಕೊಳೆತ ಮೊಟ್ಟೆಯ ವಾಸನೆ. ಚರಂಡಿ ಹೊಂಡ ಸೇರುವ ಮುಂಚೆ ಹೂಳು ನಿಲ್ಲಲು ಒಂದು ತೊಟ್ಟಿ ಬೇಕು, ಅದನ್ನು ಮಳೆಗೆ ಮುಂಚೆ ಬಾಚಿರಲೂಬೇಕು.

ಹೊಂಡದ ನೀರನ್ನು ರಾಶಿಗೇ ಮರಳಿ ಚಿಮುಕಿಸಬಹುದು. ತೇವ ಶೇ 50–60 ಇರಬೇಕಾದ ರಾಶಿಗೆ ಬೇಸಿಗೆಯಲ್ಲಿ ನೀರು ಬೇಕೇ ಬೇಕು. ಆದರೆ ಹೊಸ ರಾಶಿಗೆ ಮಾತ್ರ. 55 ಡಿಗ್ರಿಯಲ್ಲಿ ಕೆಲದಿನ ಬೆಂದು ರೋಗಾಣು ಕಳೆದುಕೊಂಡ ಗೊಬ್ಬರಕ್ಕೆ ಈ ನೀರು ಬಿದ್ದರೆ ಅವೇ ರೋಗಾಣುಗಳನ್ನು ಮತ್ತೆ ಬಿತ್ತಿದಂತೆ. ಮಳೆಗಾಲದಲ್ಲಂತೂ ಯಾವ ರಾಶಿಗೂ ಬಾಯಾರಿಕೆ ಇರುವುದಿಲ್ಲ. ಆಗ ಉಳಿಯುವ ದಾರಿ ಸಂಸ್ಕರಿಸಿ ಬಿಡುವುದು: ಕೆರೆ-ಹೊಳೆಗಾದರೆ ಬಿಓಡಿ (ನೀರಿನ ಕೊಳೆಯನ್ನು ತಿನ್ನಲು ಸೂಕ್ಷ್ಮಜೀವಿಗಳಿಗೆ ಬೇಕಾಗುವ ಆಮ್ಲಜನಕ) ಲೀಟರಿಗೆ 30 ಮಿ.ಗ್ರಾಂ. ಒಳಗೆ, ನೆಲಕ್ಕಾದರೆ 100ರ ಒಳಗೆ.

ಕೊನೆಗೆ, ಯಾವ ಮಳೆಗೆ ಹೊಂಡ ತೋಡುವುದು? 2022ರ ಸೆಪ್ಟೆಂಬರ್ 5ರ ಬೆಳಿಗ್ಗೆಗೆ ಬೆಂಗಳೂರಿನಲ್ಲಿ 24 ಗಂಟೆಯ ಮಳೆ 130 ಮಿ.ಮೀ. ದಾಟಿತ್ತು. ನಮ್ಮ ಒಂದೆಕರೆಗೆ, ಶೇ 80ರ ಲೆಕ್ಕದಲ್ಲೇ, ಅದು 4 ಲಕ್ಷ ಲೀಟರಿಗೂ ಮೇಲೆ. ಆದರೂ ಬೆಂಗಳೂರಿನದು ಸಾಮಾನ್ಯವಾಗಿ ಸಂಜೆಯ ಗುಡುಗುಮಳೆ. ಮರುದಿನ ಬಿಸಿಲು ಬಂದು ಹೊಂಡ ಖಾಲಿ ಮಾಡಲು ಪುರುಸೊತ್ತು ಸಿಗುತ್ತದೆ. ಕರಾವಳಿಯಲ್ಲಿ ಆಟಿಯ (ಜುಲೈ–ಆಗಸ್ಟ್‌ನ ತುಳು ತಿಂಗಳು) ಮಳೆ ವಾರಗಟ್ಟಲೆ ಬಿಡುವುದಿಲ್ಲ. ನೀರು ಕುಡಿದ ರಾಶಿ ಏನಾಗುತ್ತದೆ ಎಂಬುದಕ್ಕೆ 2019ರ ಆಗಸ್ಟ್‌ನಲ್ಲಿ ಮಂಗಳೂರಿನ ಪಚ್ಚನಾಡಿಯ ಕಸದ ಗುಡ್ಡ ಪಕ್ಕದ ಮಂದಾರ ಎಂಬ ಊರಿನ ತೋಟ-ಮನೆಗಳ ಮೇಲೆ ಜಾರಿದ್ದನ್ನು ನೆನಪಿಸಿಕೊಳ್ಳಿ. ಅದು ಕಾಂಪೋಸ್ಟ್ ಅಂಗಳವಲ್ಲ, ಡಂಪಿಂಗ್ ಯಾರ್ಡ್. ಆದರೆ ಅಂಥ ಮಳೆ ಬೀಳುವಲ್ಲಿ ಹೊಂಡವನ್ನು ಎಷ್ಟು ದೊಡ್ಡದು ಮಾಡಿದರೂ ಸಾಲದು, ಮಾಡು ಹಾಕಲೇಬೇಕು. ಮಲೆನಾಡಿನಲ್ಲಿ ಮನೆಯ ಗೊಬ್ಬರದ ಗುಂಡಿಗೂ ಮಾಡು ಹೊದಿಸುವವರಿದ್ದಾರೆ; ಅವರು ಈ ಲೆಕ್ಕ ಯಾವುದನ್ನೂ ಮಾಡಿದವರಲ್ಲ.