ಐದರಲ್ಲಿ ಮೂರು ಕಳೆದರೆ ನಾಲ್ಕು: ರಣತಂತ್ರದ ಗಣಿತ

ಸಮಬಲದ ಐದು ಯುದ್ಧನೌಕೆಗಳು ಒಂದು ಕಡೆ, ಅಂಥವೇ ಮೂರು ಇನ್ನೊಂದು ಕಡೆ ನಿಂತು, ಒಂದು ಪಕ್ಷ ಪೂರ್ತಿ ನಾಶವಾಗುವವರೆಗೆ ಕಾದಾಡಿದರೆ ಗೆದ್ದವರ ಬಳಿ ಎಷ್ಟು ಉಳಿಯುತ್ತವೆ? ಎರಡು ಎಂಬ ಉತ್ತರ ನಾಲಗೆಯ ತುದಿಗೆ ತಾನಾಗಿಯೇ ಬರುತ್ತದೆ. 1914ರಲ್ಲಿ ಬ್ರಿಟಿಷ್ ಎಂಜಿನಿಯರ್ ಫ್ರೆಡರಿಕ್ ಲ್ಯಾಂಚೆಸ್ಟರ್ ಪ್ರಕಟಿಸಿದ ಸಮೀಕರಣದ ಪ್ರಕಾರ ಉಳಿಯುವುದು ನಾಲ್ಕು.

ಕತ್ತಿ ಹಿಡಿದು ಒಬ್ಬನಿಗೊಬ್ಬ ಎದುರಾಗುವ ಕಾಳಗದಲ್ಲಿ ಹೆಚ್ಚುವರಿ ಸೈನಿಕರು ಹಿಂದೆ ನಿಂತು ಸರದಿ ಕಾಯಬೇಕು. ದೂರದಿಂದ ಗುಂಡು ಹಾರಿಸುವ ಯುದ್ಧದಲ್ಲಿ ಹಾಗಲ್ಲ. ಐದೂ ನೌಕೆಗಳ ಫಿರಂಗಿಗಳು ಮೂರರ ಮೇಲೆ ಒಟ್ಟಿಗೆ ಎರಗುತ್ತವೆ, ಆದರೆ ಮೂರರ ಬೆಂಕಿ ಐದರ ನಡುವೆ ಹಂಚಿಹೋಗುತ್ತದೆ. ಸಣ್ಣ ಪಡೆ ಕರಗಿದಷ್ಟೂ ಈ ಅಂತರ ಹಿಗ್ಗುವುದರಿಂದ, ಬಲವನ್ನು ಸಂಖ್ಯೆಯಿಂದಲ್ಲ, ಸಂಖ್ಯೆಯ ವರ್ಗದಿಂದ ಅಳೆಯಬೇಕಾಗುತ್ತದೆ: ಇಪ್ಪತ್ತೈದರಲ್ಲಿ ಒಂಬತ್ತು ಹೋದರೆ ಹದಿನಾರು, ಅದರ ವರ್ಗಮೂಲ ನಾಲ್ಕು. ಉಳಿದ ಈ ನಾಲ್ಕರ ಮುಂದೆ ಶತ್ರುವಿನ ಇನ್ನೂ ನಾಲ್ಕು ನೌಕೆಗಳು ಬಂದರೆ ಕಾಳಗ ಸರಿಸಮ. ಅಂದರೆ ಏಳು ನೌಕೆಗಳಿದ್ದ ಪಕ್ಷವು ಮೂರು ಮತ್ತು ನಾಲ್ಕಾಗಿ ಒಡೆದ ತಪ್ಪಿಗೆ ಐದರ ಮಟ್ಟಕ್ಕೆ ಇಳಿದುಬಿಟ್ಟಿತು. ಪಡೆಯನ್ನು ಒಡೆಯಬೇಡ ಎಂಬ ಸೇನಾನಿಗಳ ಹಳೆಯ ಬುದ್ಧಿಮಾತಿಗೆ ಇಲ್ಲಿ ಒಂದು ಬೆಲೆ ಕಟ್ಟಿದಂತಾಯಿತು.

ಪ್ರತಿಯೊಬ್ಬರೂ ಪ್ರತಿಯೊಬ್ಬರಿಗೆ ಕಾಣುತ್ತಾರೆ, ಯಾರೂ ಹಿಮ್ಮೆಟ್ಟುವುದಿಲ್ಲ ಎಂಬಂಥ ಈ ಲೆಕ್ಕದ ಊಹೆಗಳು ನಿಜವಾದ ರಣರಂಗದಲ್ಲಿ ವಿರಳವಾಗಿ ಹೊಂದುತ್ತವೆ, ನಿಜ. ಆದರೆ ಕಾಗದದ ಮೇಲಿರುವ ಊಹೆಯೊಂದಿಗೆ ಜಗಳವಾಡಬಹುದು. ಸೇನಾಧಿಪತಿಯ ಮನಸ್ಸಿನಲ್ಲೇ ಅಡಗಿರುವ ಊಹೆಯೊಂದಿಗೆ ಸಾಧ್ಯವಿಲ್ಲ.

ಸಮೀಕರಣಕ್ಕಿಂತ ಕಷ್ಟದ ಕೆಲಸವೆಂದರೆ ಯಾವುದನ್ನು ಅಳೆಯಬೇಕೆಂದು ತೀರ್ಮಾನಿಸುವುದು. ಎರಡನೆಯ ಮಹಾಯುದ್ಧದಲ್ಲಿ ಮೆಡಿಟರೇನಿಯನ್ ಸಮುದ್ರದ ಬ್ರಿಟಿಷ್ ಸರಕುಹಡಗುಗಳಿಗೆ ವಿಮಾನ ನಿರೋಧಕ ತೋಪುಗಳನ್ನು ಅಳವಡಿಸಲಾಗಿತ್ತು. ತೋಪುಗಳಿಗೂ ಅವುಗಳ ಸಿಬ್ಬಂದಿಗೂ ಬೇರೆಡೆ ಬೇಡಿಕೆಯಿತ್ತು. ಇಲ್ಲಿ ನೋಡಿದರೆ ದಾಳಿ ಮಾಡಿದ ನೂರು ವಿಮಾನಗಳಲ್ಲಿ ಸುಮಾರು ನಾಲ್ಕು ಮಾತ್ರ ಉರುಳುತ್ತಿದ್ದವು. ದಂಡದ ಖರ್ಚು, ಕಿತ್ತುಹಾಕಿ ಎನ್ನುವುದಕ್ಕೆ ಇಷ್ಟು ಸಾಕಿತ್ತು. ಯುದ್ಧದ ನಿರ್ಧಾರಗಳನ್ನು ಅಂಕಿಅಂಶಗಳಿಂದ ಒರೆಗೆ ಹಚ್ಚುವ, ಕಾರ್ಯಾಚರಣೆ ಸಂಶೋಧನೆ ಎಂಬ ಆಗಿನ್ನೂ ಎಳೆಯದಾಗಿದ್ದ ವಿದ್ಯೆಯ ವಿಶ್ಲೇಷಕರು ಪ್ರಶ್ನೆಯನ್ನೇ ತಿರುಗಿಸಿದರು: ತೋಪು ಇಟ್ಟದ್ದು ವಿಮಾನ ಹೊಡೆಯಲೋ, ಹಡಗು ಉಳಿಸಲೋ? ದಾಳಿಗೆ ಒಳಗಾದ ಹಡಗುಗಳ ಲೆಕ್ಕ ತೆಗೆದಾಗ, ತೋಪು ಹಾರಿಸಿದವುಗಳಲ್ಲಿ ಮುಳುಗಿದ್ದು ಶೇ. 10, ಹಾರಿಸದವುಗಳಲ್ಲಿ ಶೇ. 25. ಕೆಳಗಿನಿಂದ ಗುಂಡು ಬರುತ್ತಿದ್ದರೆ ಪೈಲಟ್ ತಗ್ಗಿನಲ್ಲಿ, ನೆಟ್ಟಗೆ ಹಾರಿ ಗುರಿಯಿಡಲಾರ. ಬಾಂಬು ನೀರಿಗೆ ಬೀಳುತ್ತದೆ. ತೋಪುಗಳು ಉಳಿದವು. ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕ ಶತ್ರುಗಳ ಹೆಣಗಳನ್ನು ಎಣಿಸಿ ಪ್ರಗತಿ ಅಳೆದದ್ದು ಇದಕ್ಕೆ ತದ್ವಿರುದ್ಧವಾದ ಉದಾಹರಣೆ. ಎಣಿಸಲು ಸುಲಭವೆಂಬುದಷ್ಟೇ ಆ ಅಳತೆಗೋಲಿನ ಹೆಚ್ಚುಗಾರಿಕೆಯಾಗಿತ್ತು.

ಎಣಿಕೆಗೆ ಸಿಗದ್ದನ್ನು, ಮುಖ್ಯವಾಗಿ ಎದುರಾಳಿಯ ಮನಸ್ಸನ್ನು, ಪರೀಕ್ಷಿಸಲು ಯುದ್ಧದಾಟವಿದೆ. ಜರ್ಮನ್ ರಾಜ್ಯವಾದ ಪ್ರಷ್ಯದ ಸೇನೆ 1824ರಲ್ಲೇ ನಕ್ಷೆ, ದಾಳ ಮತ್ತು ಅಂಪೈರ್ ಇಟ್ಟುಕೊಂಡು ಇದನ್ನು ಆಡತೊಡಗಿತ್ತು. ಆಟದ ಬೆಲೆ ನಿಂತಿರುವುದು ಅಂಪೈರನ ಮೇಲೆ. 1942ರ ಮೇ ತಿಂಗಳಲ್ಲಿ ಜಪಾನಿನ ನೌಕಾಪಡೆ ಪೆಸಿಫಿಕ್ ಸಾಗರದಲ್ಲಿ ಅಮೆರಿಕದ ನೆಲೆಯಾಗಿದ್ದ ಮಿಡ್‌ವೇ ದ್ವೀಪದ ಮೇಲೆ ತಾನು ನಡೆಸಲಿದ್ದ ದಾಳಿಯನ್ನು ಯಮಾಟೊ ಯುದ್ಧನೌಕೆಯಲ್ಲಿ ಆಡಿ ನೋಡಿತು. ಅಲ್ಲಿದ್ದ ಅಧಿಕಾರಿಯೊಬ್ಬರು ಮುಂದೆ ಬರೆದಂತೆ, ದಾಳ ಉರುಳಿಸಿದ ಅಂಪೈರ್ ಜಪಾನಿ ವಿಮಾನವಾಹಕ ನೌಕೆಗಳಿಗೆ ಒಂಬತ್ತು ಬಾಂಬು ಬಿದ್ದು ಅಕಾಗಿ, ಕಾಗಾ ಎರಡೂ ಮುಳುಗಿದವೆಂದು ಸಾರಿದ. ಆಟದ ಮೇಲ್ವಿಚಾರಕರಾಗಿದ್ದ ಅಡ್ಮಿರಲ್ ಉಗಾಕಿ ಒಂಬತ್ತನ್ನು ಮೂರಕ್ಕೆ ಇಳಿಸಿದರು. ಅಕಾಗಿಗೆ ಸಣ್ಣ ಪೆಟ್ಟು, ಕಾಗಾ ಮಾತ್ರ ಮುಳುಗಿತು. ಅದೂ ಆಟದ ಮುಂದಿನ ಹಂತದಲ್ಲಿ, ಫಿಜಿಯ ದಂಡಯಾತ್ರೆಗೆ ಮತ್ತೆ ತೇಲಿಬಂತು.

ದಾಳವೇನೂ ಭವಿಷ್ಯ ನುಡಿಯುವುದಿಲ್ಲ, ಆ ಒಂಬತ್ತಕ್ಕೆ ವಿಶೇಷ ಪಾವಿತ್ರ್ಯವೂ ಇರಲಿಲ್ಲ. ಆದರೆ ಶತ್ರುವಿನ ವಿಮಾನಗಳು ನಾವೆಣಿಸಿದ್ದಕ್ಕಿಂತ ಮೊದಲೇ ಬಂದರೆ ಏನು ಮಾಡುವುದು ಎಂಬ ಪ್ರಶ್ನೆಯನ್ನು ಅದು ಮೇಜಿನ ಮೇಲಿಟ್ಟಿತ್ತು. ಅಂಕಿಯ ಜೊತೆಗೆ ಆ ಪ್ರಶ್ನೆಯೂ ಅಳಿಸಿಹೋಯಿತು. ಮಿಡ್‌ವೇಯ ನಿಜವಾದ ಕಾಳಗದಲ್ಲಿ, ಜೂನ್ 4ರ ಬೆಳಿಗ್ಗೆ, ಅಮೆರಿಕದ ಡೈವ್ ಬಾಂಬರುಗಳು ಕೆಲವೇ ನಿಮಿಷಗಳಲ್ಲಿ ಮೂರು ಜಪಾನಿ ವಿಮಾನವಾಹಕಗಳಿಗೆ ಬೆಂಕಿಯಿಟ್ಟವು. ಅಕಾಗಿ ಮತ್ತು ಕಾಗಾ ಅವುಗಳಲ್ಲಿ ಎರಡು.